10 ಗ್ಯಾಲನ್ ಬ್ಯಾಚ್‌ಗೆ ಯಾವ ಮ್ಯಾಶ್ ಟನ್? ಕೂಲರ್ ಸಾಕಾ, ಸ್ಟೀಲ್ ಹಂಡೆಯೇ ಬೇಕಾ?

ಮಂಜಿನೂರ_ಮಾಲ್ಟ್:
ಎಲ್ಲರಿಗೂ ನಮಸ್ಕಾರ. ಮಿನಿಯಾಪೊಲಿಸ್ ಹತ್ತಿರ ಇದ್ದೇನೆ. ಮೂರು ವರ್ಷದಿಂದ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದೇನೆ, ಎಲ್ಲಾ 5 ಗ್ಯಾಲನ್ ಬ್ಯಾಚೇ, ಅಂದರೆ 19 ಲೀಟರ್. ಹೆಚ್ಚುಕಮ್ಮಿ 50 ಬಾಟಲಿ. ಹೇಳೋಕೆ ಜಾಸ್ತಿ ಅನಿಸುತ್ತದೆ, ಆದರೆ ಶನಿವಾರ ನಾಲ್ಕು ಮನೆಯವರು ಊಟಕ್ಕೆ ಸೇರಿದರೆ ಅರ್ಧ ಅಲ್ಲೇ ಖಾಲಿ. ಮಾಡುವ ದಿನಕ್ಕೆ ಮಾತ್ರ ಆರು ಗಂಟೆ ಹೋಗುತ್ತದೆ, 38 ಲೀಟರ್ ಮಾಡಿದರೂ ಅದಕ್ಕಿಂತ ಒಂದು ಗಂಟೆ ಜಾಸ್ತಿ ಹಿಡಿಯಬಹುದು ಅಷ್ಟೇ ಅಲ್ವಾ?

ಮ್ಯಾಶ್ ಟನ್ ಅಂತ, ಅಂದರೆ ಒಡೆದ ಕಾಳನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ರಸ ಬಸಿಯುವ ಪಾತ್ರೆ ಅಂತ, ಈಗ ಇರುವುದು 5 ಗ್ಯಾಲನ್ನಿನ ಗುಂಡು ಕೂಲರ್, ಅದೇ ಪಿಕ್ನಿಕ್ಕಿಗೆ ಐಸ್ ಹಾಕಿ ಒಯ್ಯುವ ಡಬ್ಬ. ಮೂರು ದಾರಿ ಕಾಣುತ್ತಿದೆ: 10 ಗ್ಯಾಲನ್ನಿನ ಗುಂಡು ಕೂಲರ್, 70 ಕ್ವಾರ್ಟಿನ ಉದ್ದ ಕೂಲರ್, ಇಲ್ಲಾಂದ್ರೆ ಕೆಳಗೆ ಜಾಲರಿ ಇರುವ 15 ಗ್ಯಾಲನ್ನಿನ ಸ್ಟೀಲ್ ಪಾತ್ರೆ. ಚಳಿಗಾಲದಲ್ಲಿ ನಮ್ಮ ಗ್ಯಾರೇಜ್ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅದೇ ಭಯ. ಯಾರಾದರೂ ಅನುಭವ ಇರುವವರು ಹೇಳಿ.

ಹಂಡೆರಾಯ:
ಬ್ಯಾಚ್ ಎಷ್ಟು ಗ್ಯಾಲನ್ ಅಂತ ನೋಡಿ ಟನ್ ತಗೋಬೇಡಿ, ಕಾಳು ಎಷ್ಟು ಕೆಜಿ ಅಂತ ನೋಡಿ. 38 ಲೀಟರಿನ ಸಾಧಾರಣ ಬಿಯರ್, ಗ್ರಾವಿಟಿ (ಹುಳಿಸುವ ಮೊದಲು ರಸ ನೀರಿಗಿಂತ ಎಷ್ಟು ಗಟ್ಟಿ ಅನ್ನುವ ಅಳತೆ) 1.050 ಇಟ್ಟುಕೊಳ್ಳಿ, ಅದಕ್ಕೆ ಸುಮಾರು 10 ಕೆಜಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು ಬೇಕು. ಕೆಜಿಗೆ 3 ಲೀಟರ್ ನೀರು ಅಂದರೆ 30 ಲೀಟರ್. ಕಾಳು ತಾನೇ ಜಾಗ ಹಿಡಿಯುತ್ತದಲ್ಲ, ಕೆಜಿಗೆ ಮುಕ್ಕಾಲು ಲೀಟರಿಗೆ ಸ್ವಲ್ಪ ಕಮ್ಮಿ. ಒಟ್ಟು 37 ಲೀಟರ್ ಹತ್ತಿರ ಬಂತು. 10 ಗ್ಯಾಲನ್ ಕೂಲರ್ ಅಂದರೆ 38 ಲೀಟರ್, ಅಂಚಿನವರೆಗೂ ತುಂಬಿತು, ಸೌಟು ಆಡಿಸೋಕೂ ಜಾಗ ಇಲ್ಲ. ಇನ್ನು 1.070ರ ಸ್ಟೌಟ್ (ಕಪ್ಪು ಬಿಯರ್) ಮಾಡೋಣ ಅಂದರೆ 14 ಕೆಜಿ ಕಾಳು, 51 ಲೀಟರ್. ಆಗ ಅದು ಕೈಕೊಟ್ಟಿತು.

70 ಕ್ವಾರ್ಟ್ ಅಂದರೆ 66 ಲೀಟರ್, ಎರಡೂ ಹಿಡಿಸುತ್ತದೆ. ಮೇಲಿಂದ ನೀರು ಚಿಮುಕಿಸುತ್ತಾ ಕಾಳಿನಲ್ಲಿ ಉಳಿದ ಸಿಹಿಯನ್ನು ನಿಧಾನವಾಗಿ ತೊಳೆದು ತೆಗೆಯುವವರಿಗೆ ಎತ್ತರದ ಗುಂಡು ಪಾತ್ರೆ ಒಳ್ಳೆಯದು ನಿಜ. ನೀವು ಒಂದೇ ಸಲ ನೀರು ಸುರಿದು, ಕಲಸಿ, ಬಸಿಯುವವರಾದರೆ ಆಕಾರದ ತಲೆನೋವೇ ಇಲ್ಲ. ನನ್ನ ಓಟು ಉದ್ದ ಕೂಲರಿಗೆ.

ಕುಡ್ಲದ_ಹಾಪ್ಸ್:
ಲೆಕ್ಕ ಸರಿ ಉಂಟು ಮಾರಾಯ್ರೇ, ಆದರೆ ಕೂಲರಿಗೂ ಅದರದ್ದೇ ರಗಳೆ ಇದೆ. ನನ್ನದೊಂದು ಇತ್ತು, ನೀರು ಸ್ವಲ್ಪ ಜಾಸ್ತಿ ಕಾದಿತ್ತು, ಸುರಿದ ಮೇಲೆ ಒಳಗಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಉಬ್ಬಿಕೊಂಡಿತು. ಮುಚ್ಚಳ ಬೇರೆ ಒಳಗೆ ಬರೀ ಟೊಳ್ಳು, ಮೇಲೊಂದು ಕಂಬಳಿ ಹೊದಿಸಲೇಬೇಕು.

ಆಮೇಲೆ ಸ್ಟೀಲ್ ತಗೊಂಡೆ. ಬಿಸಿ ಕಮ್ಮಿಯಾದರೆ ಕೆಳಗೆ ಒಲೆ ಹಚ್ಚಬಹುದು, ಅದೇ ದೊಡ್ಡ ಆಸೆ. ಮೊದಲ ಸಲ ಹಚ್ಚಿ ಫೋನ್ ನೋಡುತ್ತಾ ನಿಂತೆ. ಥರ್ಮಾಮೀಟರ್ ಇರುವುದು ಪಾತ್ರೆಯ ನಡುವಿನಲ್ಲಿ, ಅದು 66 ಡಿಗ್ರಿ ಅನ್ನುತ್ತಿದೆ, ಜಾಲರಿ ಕೆಳಗೆ ಮಾತ್ರ ಆಗಲೇ ತಳ ಹಿಡಿದಿತ್ತು. ಇಡೀ 38 ಲೀಟರ್ ಸುಟ್ಟ ವಾಸನೆ, ಯಾರಿಗೂ ಕೊಡೋಕೆ ಆಗಲಿಲ್ಲ, ನಾನೇ ಎರಡು ಬಾಟಲಿ ಕುಡಿದು ಉಳಿದದ್ದು ಚೆಲ್ಲಿದೆ. ಸ್ಟೀಲ್ ತಗೊಂಡರೆ ಪಂಪ್ ಇಟ್ಟು ರಸವನ್ನು ಸುತ್ತಿಸುತ್ತಲೇ ಇರಬೇಕು. ಅಂದರೆ ಪಂಪಿಗೊಂದು ಖರ್ಚು, ಪೈಪಿಗೊಂದು, ತೊಳೆಯುವುದು ಇನ್ನೊಂದು. ಅಷ್ಟಕ್ಕೆ ತಯಾರಿದ್ದರೆ ಸ್ಟೀಲ್ ಜೀವಮಾನ ಬರುತ್ತದೆ.

ಚೀಲ_ಸಾಕು:
ಟನ್ ಯಾಕೆ? ಕುದಿಸುವ ಪಾತ್ರೆಗೇ ಬಟ್ಟೆ ಚೀಲ ಇಳಿಬಿಡಿ, ಕಾಳು ಹಾಕಿ, ಎತ್ತಿ. ಮುಗೀತು.

ಹಂಡೆರಾಯ:
@ಚೀಲ_ಸಾಕು 19 ಲೀಟರಿಗೆ ಒಪ್ಪುತ್ತೇನೆ. 10 ಕೆಜಿ ಕಾಳು ತನ್ನಷ್ಟೇ ನೀರು ಹಿಡಿದುಕೊಂಡು ಕೂರುತ್ತದೆ, ಬಸಿಯುವ ಮೊದಲಂತೂ ಇನ್ನೂ ಭಾರ. ಬಾವಿಗೆ ಇರುತ್ತದಲ್ಲ, ಆ ಥರ ರಾಟೆ ಮೇಲೆ ಕಟ್ಟದೆ ಎತ್ತೋಕೆ ಹೋದರೆ ಸೊಂಟ ಹೋಗುತ್ತದೆ, ಜೊತೆಗೆ ಮೈಮೇಲೆ ಬಿಸಿ ರಸ.

ಮಂಜಿನೂರ_ಮಾಲ್ಟ್:
ಪಂಪ್ ಸಹವಾಸ ಈಗಲೇ ಬೇಡ, ಹಾಗಾದರೆ 70 ಕ್ವಾರ್ಟ್. ಎರಡು ಅನುಮಾನ. ನಾನು ಅರ್ಧಕ್ಕರ್ಧ ಗೋಧಿ ಹಾಕುವ ಬಿಯರ್ ಜಾಸ್ತಿ ಮಾಡುತ್ತೇನೆ, ಅಷ್ಟು ದೊಡ್ಡದರಲ್ಲಿ ಬಸಿಯುವಾಗ ಕಟ್ಟಿಕೊಳ್ಳುತ್ತದಾ? ಮತ್ತೆ ನಗಬೇಡಿ, ಊರಿಂದ ಅಮ್ಮ ಮೊಳಕೆ ಕಟ್ಟಿಸಿದ ರಾಗಿ ಕಳಿಸಿದ್ದಾರೆ. ಅದನ್ನೂ ಹಾಕಬಹುದಾ?

ಕುಡ್ಲದ_ಹಾಪ್ಸ್:
ಕಟ್ಟಿಕೊಳ್ಳದೆ ಏನು! ಬಾರ್ಲಿಗೆ ಸಿಪ್ಪೆ ಇರುತ್ತದೆ, ಅದೇ ಜರಡಿ ಕೆಲಸ ಮಾಡುವುದು. ಗೋಧಿಗೆ ಅದಿಲ್ಲ. 10 ಕೆಜಿಗೆ ಅರ್ಧ ಕೆಜಿ ಭತ್ತದ ಉಮಿ ಬೆರೆಸಿ. ಬ್ರೂ ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರೆ, ಊರಲ್ಲಿ ರಾಶಿ ಹಾಕಿ ಸುಡುತ್ತಿದ್ದದ್ದನ್ನು ಇಲ್ಲಿ ಡಾಲರ್ ಕೊಟ್ಟು ತರಬೇಕು, ಮೊದಲ ಸಲ ಹೊಟ್ಟೆ ಉರಿಯಿತು. ಹಾಕುವ ಮೊದಲು ನೆನೆಸಿ, ಇಲ್ಲದಿದ್ದರೆ ಅದೇ ನೀರು ಕುಡಿಯುತ್ತದೆ.

ರಾಗಿ ಸಣ್ಣ ಕಾಳು, ಮಿಲ್ಲಿನ ಸಂದಿಯಲ್ಲೇ ಜಾರಿ ಹೋಗುತ್ತದೆ, ಬಿಗಿ ಮಾಡಿ ಒಡೆದರೆ ಹಿಟ್ಟು. ಜಾಸ್ತಿ ಹಾಕಿದರೆ ನಿಮ್ಮ ಟನ್ನಿನಲ್ಲಿ ಮುದ್ದೆ ತಯಾರು. ನಾನಾದರೆ ಹತ್ತರಲ್ಲಿ ಒಂದು ಪಾಲು ಹಾಕುತ್ತೇನೆ, ಅದನ್ನು ಬೇರೆಯಾಗಿ ಅಂಬಲಿ ಥರ ಬೇಯಿಸಿ, ಬಿಸಿ ಸ್ವಲ್ಪ ಆರಿದ ಮೇಲೆ ಬಾರ್ಲಿ ಜೊತೆ ಸೇರಿಸಿ.

ಹಂಡೆರಾಯ:
ಚಳಿ ಬಗ್ಗೆ: ಕಾಳನ್ನು ಹಿಂದಿನ ರಾತ್ರಿ ಗ್ಯಾರೇಜಿನಲ್ಲಿ ಇಡಬೇಡಿ, ಮನೆಯೊಳಗಿರಲಿ. ಕಾಳು 20 ಡಿಗ್ರಿ ಇದ್ದರೆ, ಕೆಜಿಗೆ 3 ಲೀಟರ್ ಲೆಕ್ಕದಲ್ಲಿ ನೀರು 73 ಡಿಗ್ರಿ ಸಾಕು, ಕಲಸಿದ ಮೇಲೆ 67ಕ್ಕೆ ನಿಲ್ಲುತ್ತದೆ. ಅದೇ ಕಾಳು ಸೊನ್ನೆ ಡಿಗ್ರಿಗೆ ತಣ್ಣಗಾಗಿದ್ದರೆ 76 ಬೇಕು. ಕೂಲರ್ ತಾನೂ ಬಿಸಿ ಎಳೆಯುತ್ತದೆ, ಮೊದಲು ನಾಲ್ಕೈದು ಲೀಟರ್ ಬಿಸಿನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟು ಚೆಲ್ಲಿ. ತುಂಬುವ ಮೊದಲೇ ಅದನ್ನು ಮೇಜಿನ ಮೇಲೆ ಕೂರಿಸಿ. ತುಂಬಿದ ಮೇಲೆ 40 ಕೆಜಿ ದಾಟುತ್ತದೆ, ಅಲ್ಲಾಡಿಸೋಕೆ ಹೋಗಬೇಡಿ.

ಇನ್ನೊಂದು, ಟನ್ ತಗೊಂಡ ಮಾತ್ರಕ್ಕೆ ಆಗಲಿಲ್ಲ. 38 ಲೀಟರ್ ಸಿಗಬೇಕಾದರೆ ಕುದಿಸೋಕೆ ಶುರು ಮಾಡುವಾಗ 46-48 ಲೀಟರ್ ಇರಬೇಕು, ನೊರೆ ಉಕ್ಕೋಕೆ ಜಾಗ ಬೇರೆ. ಕುದಿಸುವ ಪಾತ್ರೆ 15 ಗ್ಯಾಲನ್ ಇಲ್ಲದಿದ್ದರೆ ಮೊದಲು ದುಡ್ಡು ಅಲ್ಲಿ ಹಾಕಿ. ಹುಳಿಸೋಕೆ ನಿಮ್ಮ ಹಳೆ ಸೈಜಿನ ಡಬ್ಬವೇ ಎರಡು ಸಾಕು, ಎರಡಕ್ಕೂ ಬೇರೆ ಬೇರೆ ಯೀಸ್ಟ್ ಹಾಕಿ ನೋಡಬಹುದು. ಕಾನೂನಿನ ಚಿಂತೆ ಇಲ್ಲ: ಮನೆಯಲ್ಲಿ ದೊಡ್ಡವರು ಇಬ್ಬರಿದ್ದರೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಆದರೆ 100. ಮಾರುವಂತಿಲ್ಲ ಅಷ್ಟೇ.

ಮಂಜಿನೂರ_ಮಾಲ್ಟ್:
ಅಯ್ಯೋ, ಪಾತ್ರೆ ಇರುವುದು 10 ಗ್ಯಾಲನ್ನಿನದು. ಹಾಗಾದರೆ ಈ ತಿಂಗಳು ಪಾತ್ರೆ, ಮುಂದಿನ ತಿಂಗಳು ಕೂಲರ್. ಮನೆಯವಳಿಗೆ ಎರಡೂ ಒಟ್ಟಿಗೆ ಹೇಳೋಕೆ ಧೈರ್ಯ ಇಲ್ಲ.

ಚೀಲ_ಸಾಕು:
ಆ ಹಳೆ ಗುಂಡು ಕೂಲರ್ ಕೊಡುವುದಾದರೆ ಹೇಳಿ, ಸೇಂಟ್ ಪಾಲ್‌ನಲ್ಲೇ ಇದ್ದೇನೆ. ಮಜ್ಜಿಗೆ ಇಡೋಕೆ.