ಕಲಬುರಗಿ ಭಾಗದ ಎಸ್ಸೆಸ್ಸೆಲ್ಸಿ ಫಲಿತಾಂಶ: ಹೊಣೆ ಮಾಸ್ತರರದೋ, ಮನೆಯವರದೋ?

ಶಾಂತಾ, ಮಂಗಳೂರು
2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಪಠ್ಯವೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ನಮ್ಮಲ್ಲಿ ಮಗು ಎರಡು ದಿನ ಬಾರದಿದ್ದರೆ ಟೀಚರ್ ಫೋನ್ ಮಾಡುತ್ತಾರೆ, ಮರುದಿನ ತಾಯಿ ಶಾಲೆಗೆ ಬರುತ್ತಾರೆ. ಆ ಕಡೆಯ ಪೋಷಕರು ಶಾಲೆಯತ್ತ ಸುಳಿಯುವುದೇ ಇಲ್ಲ ಎಂದು ಕೇಳಿದ್ದೇನೆ. ಬರೀ ಶಿಕ್ಷಕರನ್ನು ಬೈದು ಏನು ಪ್ರಯೋಜನ?

ಮಲ್ಲಪ್ಪ, ಯಾದಗಿರಿ ಜಿಲ್ಲೆ
ಅಕ್ಕಾರ, ಸುಗ್ಗಿ ಮುಗೀತಂದ್ರ ನಮ್ಮೂರಾಗ ಎಷ್ಟೋ ಮನಿಗೆ ಕೀಲಿ ಬೀಳ್ತದ. ಬೆಂಗಳೂರಿಗಿ, ಪುಣೆಗಿ ಗುಳೆ ಹೋಗೋರು ಮಕ್ಕಳನ್ನ ಯಾರ ಹತ್ರ ಬಿಡಬೇಕು? ಇನ್ನ ಪೋಷಕರ ಸಭಾ ಹನ್ನೊಂದು ಗಂಟೇಕ ಕರೀತಾರ. ಹೋದ್ರ ಆ ದಿನದ ಕೂಲಿ ಹೋತು. ಬರಂಗಿಲ್ಲ ಅಂತ ಬರಕೊಳ್ಳೋದು ಸಸಾರ ಅದ.

ಗಣಿತ ಶಿಕ್ಷಕ, ಸುರಪುರ ತಾಲ್ಲೂಕು
ಮಲ್ಲಪ್ಪ ಅವರು ಹೇಳಿದ್ದು ನಿಜ. ಆದರೆ ನಮ್ಮ ಕಷ್ಟವನ್ನೂ ಕೇಳಿ. ಎಂಟನೇ ತರಗತಿಗೆ ಬಂದ ಮಗುವಿಗೆ ಭಾಗಾಕಾರ ಬರುವುದಿಲ್ಲ. ಅದನ್ನು ಕಲಿಸುವಷ್ಟರಲ್ಲಿ ಚುನಾವಣೆ, ತರಬೇತಿ. 2025ರಲ್ಲಿ ಜಾತಿ ಸಮೀಕ್ಷೆಗೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ನಾವು ಮನೆ ಮನೆ ಸುತ್ತಿದೆವು. ದೀಪಾವಳಿ ಕಳೆದು ಬಂದರೆ ಹಿಂದಿನ ಬೆಂಚುಗಳು ಖಾಲಿ, ಮಕ್ಕಳು ಊರು ಬಿಟ್ಟಾಗಿತ್ತು.

ರೇಣುಕಾ, ಮಾಜಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷೆ
ಸರ್, ಮನೆ ಸುತ್ತಿದಿರಲ್ಲ, ಆಗಲೇ ಯಾರು ಹೊರಟಿದ್ದಾರೆ ಅಂತ ಗೊತ್ತಾಗಿರಬೇಕಲ್ಲ? ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 24ನೇ ಸೆಕ್ಷನ್ ಪ್ರಕಾರ ಪೋಷಕರನ್ನು ಆಗಾಗ ಸೇರಿಸಿ ಮಗುವಿನ ಹಾಜರಿ, ಕಲಿಕೆ ತಿಳಿಸುವುದು ಶಿಕ್ಷಕರ ಕರ್ತವ್ಯ. ಅದೇ ಕಾಯ್ದೆಯ 10ನೇ ಸೆಕ್ಷನ್ ಮಗುವನ್ನು ಶಾಲೆಗೆ ಸೇರಿಸುವ ಹೊಣೆಯನ್ನು ತಂದೆತಾಯಿಗೆ ಕೊಟ್ಟಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ನಾನಿದ್ದಾಗ ಮೊದಮೊದಲು ಠರಾವಿನ ಪುಸ್ತಕವೇ ಸಹಿಗೆ ಮನೆಗೆ ಬರುತ್ತಿತ್ತು. ಕೊನೆಗೆ ಜಗಳವಾಡಿ ಸಭೆಯನ್ನು ರಾತ್ರಿ ಏಳಕ್ಕೆ ಗುಡಿ ಕಟ್ಟೆಗೆ ತಂದೆವು. ಯಾವತ್ತೂ ಬಾರದ ತಾಯಂದಿರು ಅವತ್ತು ಬಂದು ಕೂತರು.

ಶಾಂತಾ
ಸಭೆಗೆ ಬಂದರೂ ಮಕ್ಕಳನ್ನು ಕರೆದುಕೊಂಡೇ ಹೋದರೆ?

ಗಣಿತ ಶಿಕ್ಷಕ
ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ನಿಲಯ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ದಸರಾಕ್ಕೆ ಮುಂಚೆ ಹೆಸರು ಸಿಕ್ಕರೆ ಕೇಳಬಹುದು. ಎಲ್ಲರೂ ಹೋದ ಮೇಲೆ ಯಾರ ಹೆಸರು ಬರೆಯಲಿ?

ಮಲ್ಲಪ್ಪ
ಹೆಸರು ನಾವು ಬರಸ್ತೀವ್ರಿ. ಆದ್ರ ಬೆಳದ ಹುಡುಗೀನ ಬಿಡಬೇಕಂದ್ರ ಅಲ್ಲಿ ರಾತ್ರಿ ಹೆಣ್ಮಗಳು ಇರಬೇಕು. ಇಲ್ಲಂದ್ರ ನಾ ಬಿಡಂಗಿಲ್ಲ, ಯಾರು ಏನರೆ ಅನ್ನಲಿ.

ರೇಣುಕಾ
ಅದನ್ನೇ ಠರಾವಿನಲ್ಲಿ ಹಾಕಿಸಿ ಅಣ್ಣಾ. ಶಿಕ್ಷಕರು ಒಬ್ಬರೇ ಬರೆದ ಪತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೂತಲ್ಲೇ ಕೂರುತ್ತದೆ. ಇಡೀ ಊರಿನ ಸಹಿ ಇದ್ದರೆ ಕೇಳುವುದಕ್ಕೆ ಬಲ ಬರುತ್ತದೆ.

ಮಲ್ಲಪ್ಪ
ಹಾಕಸ್ತೀವ್ರಿ. ನಮ್ಮ ಶಾಲ್ಯಾಗ ಇಂಗ್ಲಿಷ್ ಮಾಸ್ತರ ಇಲ್ಲ, ಅತಿಥಿ ಶಿಕ್ಷಕರು ಬರೋದರಾಗ ಎಷ್ಟೋ ಪಾಠ ಹೋಗಿರ್ತಾವ. ಅದನ್ನೂ ಅದೇ ಕಾಗದದಾಗ ಬರೀಬೇಕು. ಬರೇ ನಮ್ಮ ತಪ್ಪಷ್ಟೇ ಬರಿಯೋದಾದ್ರ ನಾ ಸಹಿ ಮಾಡಂಗಿಲ್ಲ.