ಫಸ್ಟು, ರಿವರ್ಸು ಎರಡೂ ಬೀಳ್ತಿಲ್ಲ, ಗೇರ್‌ಬಾಕ್ಸ್ ಇಳಿಸ್ಲೇಬೇಕಾ?

ಮಲ್ನಾಡ್_ಮಳೆ:
ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಗಾಡಿ ಓಡ್ಸೋದು ಗೊತ್ತೇ ಹೊರತು ಬಾನೆಟ್ ಕೆಳಗಿನ ವಿಷ್ಯ ಅಷ್ಟಕ್ಕಷ್ಟೆ. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕು, ಸೆಕೆಂಡ್ ಹ್ಯಾಂಡು, ನಮ್ ಕೈಗೆ ಬಂದು ಎರಡು ವರ್ಷ, ಈಗ 86 ಸಾವಿರ ಕಿಮೀ ಆಗಿದೆ. ಒಂದೂವರೆ ತಿಂಗಳಿಂದ ಗೇರ್ ಸಿಕ್ಕಾಪಟ್ಟೆ ಟೈಟು. ಬೆಳಿಗ್ಗೆ ಶೆಡ್ಡಿಂದ ತೆಗೆಯೋಕೆ ರಿವರ್ಸ್ ಹಾಕಿದ್ರೆ ಕರ್‌ರ್‌ರ್ ಅಂತ ಪಕ್ಕದ ಮನೆಯವ್ರು ಎದ್ದು ನೋಡೋ ಹಂಗೆ ಸದ್ದು, ಫಸ್ಟಂತೂ ಒಂದ್ಸಲಕ್ಕೆ ಬೀಳೋದೇ ಇಲ್ಲ, ಸೆಕೆಂಡಿಗೆ ಎಳ್ದು ಮತ್ತೆ ಮೇಲಕ್ಕೆ ತಳ್ಳಿದ್ರೆ ಮನಸ್ಸಿದ್ರೆ ಬೀಳುತ್ತೆ. ಮೂರು ನಾಲ್ಕು ಐದು ಪರವಾಗಿಲ್ಲ.

ಊರೊಳಗೆ ಹೆಂಗೋ ನಡೀತಿತ್ತು. ಹೋದ ಭಾನುವಾರ ಉಡುಪಿಗೆ ಹೋಗಿ ತೀರ್ಥಹಳ್ಳಿಗೆ ವಾಪಸ್ ಬರ್ತಾ ಆಗುಂಬೆ ಘಾಟಿ ಹತ್ತುವಾಗ, ಹದಿನಾಲ್ಕು ತಿರುವಲ್ಲಿ ಎಷ್ಟನೇದೋ ಲೆಕ್ಕ ತಪ್ಪಿತ್ತು, ಸೆಕೆಂಡಲ್ಲಿ ಎಳೀತಿಲ್ಲ ಅಂತ ಫಸ್ಟಿಗೆ ಹಾಕೋಕೆ ಹೋದ್ರೆ ಲಿವರ್ರು ಗೋಡೆಗೆ ತಾಗಿದಂಗೆ ನಿಂತ್ಬಿಡ್ತು. ಗಾಡಿ ಆಫ್. ಹಿಂದೆ ಮಿನಿ ಬಸ್ಸು, ಅದರ ಹಾರ್ನು. ಹ್ಯಾಂಡ್ ಬ್ರೇಕ್ ಎಳ್ಕೊಂಡು ಕೂತೆ. ಹಿಂದಿನ ಸೀಟಲ್ಲಿ ಅಮ್ಮ ದೇವ್ರ ಹೆಸ್ರು ಹೇಳೋಕೆ ಶುರು ಮಾಡಿದ್ರು, ಹೆಂಡ್ತಿ ಏನೂ ಮಾತಾಡ್ಲಿಲ್ಲ, ನಂಗೆ ಅದೇ ಜಾಸ್ತಿ ಭಯ ಆಗಿದ್ದು.

ಈಗ ಒಂದು ಗ್ಯಾರೇಜಲ್ಲಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಬದಲಾಯಿಸ್ಬೇಕು, 14 ಸಾವಿರ ಆಗುತ್ತೆ ಅಂದ್ರು. ಇನ್ನೊಂದು ಕಡೆ, ಏನೂ ಬೇಡ, ಗೇರ್ ಆಯಿಲ್‌ಗೆ ಒಂದು ಅಡಿಟಿವ್ ಬರುತ್ತೆ ಹಾಕ್ಸಿ ಅಂತಾರೆ. ಯಾರ ಮಾತು ಕೇಳ್ಲಿ?

ಹಳೇ_ಸ್ಪ್ಯಾನರ್ (ಹುಬ್ಬಳ್ಳಿ):
ತಮ್ಮಾ, ಮೊದಲ ಒಂದ್ ಮಾತು ಹೇಳು. ಟೈಟ್ ಇರೋದು ಕೈಯಾಗಿನ ಲಿವರ್ರೋ ಕಾಲಾಗಿನ ಪೆಡಲ್ಲೋ? ಮಂದಿ ಎರಡಕ್ಕೂ ಗೇರ್ ಟೈಟ್ ಅಂತ ಹೇಳಿಬಿಡ್ತಾರ, ಎರಡೂ ಬ್ಯಾರೆ ಬ್ಯಾರೆ ರೋಗ. ನೀ ಬರದದ್ದು ನೋಡಿದ್ರ ಲಿವರ್ ಅಂತ ತಿಳಕೋತೀನಿ.

14 ಸಾವಿರ ಕೊಡೂಕ ಮುಂಚೆ ಪುಕ್ಕಟೆ ಆಗೋ ಪರೀಕ್ಷೆ ಮಾಡು. ಸಪಾಟ ಜಾಗಾದಾಗ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ ಕ್ಲಚ್ ತುಳದು ಒಂದರಿಂದ ಐದು, ರಿವರ್ಸು, ಎಲ್ಲಾ ಹಾಕಿ ತಗದು ನೋಡು. ಆವಾಗೂ ಬಿಗಿ ಇದ್ರ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗೋ ಕೇಬಲ್ಲು, ಅದರ ಜಾಯಿಂಟು, ಬುಶ್ಶು ಹಿಡದಾವ ಅಂತ ಅರ್ಥ, ನಿಮ್ಮ ಮಳಿ ಸೀಮ್ಯಾಗ ತುಕ್ಕು ಹಿಡದು ಗ್ರೀಸ್ ಒಣಗಿರ್ತದ. ಎಂಜಿನ್ ಬಂದ್ ಇದ್ದಾಗ ಬೆಣ್ಣಿ ಹಂಗ ಬಿದ್ದು ಚಾಲೂ ಮಾಡಿದ ಕೂಡ್ಲೆ ಬೀಳಲಿಲ್ಲ ಅಂದ್ರ ಕ್ಲಚ್ ಪೂರ್ತಿ ಬಿಡವಲ್ದು. ನೀ ಕಾಲು ಪೂರಾ ಒತ್ತಿದ್ರೂ ಒಳಗ ಎಂಜಿನ್ನಿನ ತಿರುಗು ಗೇರ್‌ಬಾಕ್ಸ್‌ಗೆ ಇನ್ನೂ ಸ್ವಲ್ಪ ಹೊಂಟಿರ್ತದ. ತಿರಗೋ ಗೇರಿಗೆ ನಿಂತ ಗೇರ್ ಸೇರ್ಸು ಅಂದ್ರ ಅದು ಹ್ಯಾಂಗ ಸೇರ್ತದ?

ರಿವರ್ಸ್ ಇದನ್ನ ಪಕ್ಕಾ ತೋರಸ್ತದ. ಭಾಳ ಗಾಡಿಗಳಾಗ ರಿವರ್ಸ್‌ಗೆ ಸಿಂಕ್ರೋ (ಗೇರ್ ಸೇರೂಕ ಮುಂಚೆ ಎರಡರ ವೇಗ ಸಮ ಮಾಡೋ ರಿಂಗು) ಇರೂದಿಲ್ಲ. ಕ್ಲಚ್ ಪೂರಾ ತುಳದು ಮನಸಿನ್ಯಾಗ ನಾಕರ ತನ ಎಣಸಿ ಆಮೇಲೆ ರಿವರ್ಸ್ ಹಾಕು. ಸುಮ್ನ ಬಿತ್ತು ಅಂದ್ರ ನಿಂದು ಅವಸರ. ನಾಕ್ ಎಣಸಿದ ಮ್ಯಾಲೂ ಕರ್ ಅಂತು ಅಂದ್ರ ಕ್ಲಚ್ ಬಿಡವಲ್ದು, ಅನುಮಾನ ಬ್ಯಾಡ.

ಆಮೇಲೆ ಪೆಡಲ್ ಎರಡ್ ಮೂರ್ ಸಲ ಪಟಪಟ ತುಳದು, ಕಡೀ ಸಲ ಒತ್ತಿ ಹಿಡದು ಗೇರ್ ಹಾಕಿ ನೋಡು. ಹಂಗ ಮಾಡಿದಾಗ ಸಲೀಸ್ ಬಿದ್ರ ಹೈಡ್ರಾಲಿಕ್ ಲೈನಿನ್ಯಾಗ, ಅಂದ್ರ ಪೆಡಲ್ ಒತ್ತಡ ಕ್ಲಚ್ಚಿಗೆ ಒಯ್ಯೋ ಎಣ್ಣಿ ಪೈಪಿನ್ಯಾಗ, ಗಾಳಿ ಹೊಕ್ಕದ, ಇಲ್ಲಾ ಸಿಲಿಂಡರ್ ಸೋರಾಕತ್ತದ. ನಿಂದು ಕೇಬಲ್ ಕ್ಲಚ್ ಇದ್ರ ಈ ಮಾತು ಬಿಡು, ಅದಕ್ಕ ಗೇರ್‌ಬಾಕ್ಸ್ ಕಡೆ ಒಂದು ನಟ್ ಇರ್ತದ, ಅಡ್ಜಸ್ಟ್ ಮಾಡಿದ್ರ ಸಾಕಾಗ್ತದ.

ಇನ್ನೊಂದು, ನಗಬ್ಯಾಡ. ಕ್ಲಚ್ ಪೆಡಲ್ ಬುಡಕ ಮ್ಯಾಟ್ ಎಷ್ಟ್ ಹಾಕೀ ನೋಡು.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಮ್ಯಾಟ್ ವಿಷ್ಯಕ್ಕೆ ನಾನ್ ಸಾಕ್ಷಿ ಗುರು 😅 ನಂದೂ ಇದೇ ಕತೆ, ಫಸ್ಟ್ ಬೀಳ್ತಿರ್ಲಿಲ್ಲ, ದಿನಾ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ ಹಾಫ್ ಕ್ಲಚ್ಚಲ್ಲೇ ಬದುಕೋನು ನಾನು ಸೋ ಕ್ಲಚ್ ಹೋಗಿದೆ ಅಂತ ನಂಗೇ ನಂಬಿಕೆ ಬಂದು ಪ್ಲೇಟು ಪ್ರೆಶರ್ ಪ್ಲೇಟು ಬೇರಿಂಗು ಮೂರೂ ಹಾಕ್ಸಿ 11 ಸಾವಿರ ಕೊಟ್ಟು ಗಾಡಿ ತಗೊಂಡ್ ಬಂದ್ರೆ ಅದೇ ರಾಗ ಅದೇ ತಾಳ. ಒಂದ್ ವಾರ ಆದ್ಮೇಲೆ ಗಾಡಿ ತೊಳೆಯೋ ಹುಡುಗ ಮ್ಯಾಟ್ ಹಾಕೋದು ಮರ್ತು ಡಿಕ್ಕಿಯಲ್ಲಿ ಬಿಟ್ಟಿದ್ದ, ಅವತ್ತು ಗೇರು ಹೂ ಎತ್ತಿದಂಗೆ!! ಪೆಡಲ್ ಕೊನೆಯ ಒಂದು ಇಂಚು ಕೆಳಗೆ ಹೋಗೋಕೇ ಆಗ್ತಿರ್ಲಿಲ್ಲ ಅಷ್ಟೇ. ಆ ಹುಡುಗನಿಗೆ ನೂರು ರೂಪಾಯಿ ಕೊಟ್ಟೆ, ಯಾಕೆ ಅಂತ ಅವ್ನಿಗೆ ಇವತ್ತಿಗೂ ಗೊತ್ತಿಲ್ಲ.

ಅಡಿಟಿವ್ ಗಿಡಿಟಿವ್ ಬೇಡ. ಆಯಿಲ್ ಹಳೇದಾಗಿದ್ರೆ ಆಯಿಲ್ಲೇ ಬದ್ಲಾಯ್ಸು.

ಗೇರ್_ಮೇಲೆ_ಗೇರ್:
ಆಯಿಲ್ ಬದಲಾಯಿಸೋದಾದ್ರೆ 75ಡಬ್ಲ್ಯೂ-90 ಜಿಎಲ್-5 ಹಾಕ್ಸಿ ಬ್ರೋ, ಜಿಎಲ್-4ಗಿಂತ ಮೇಲಿನ ಗ್ರೇಡು, ರೇಟೂ ಜಾಸ್ತಿ, ಸ್ಮೂತ್ ಆಗುತ್ತೆ.

ಹಳೇ_ಸ್ಪ್ಯಾನರ್ (ಹುಬ್ಬಳ್ಳಿ):
ಇದು ಎಂಟನೇತ್ತಾ, ಒಂಬತ್ತನೇತ್ತಾ ಅಲ್ರೀ, ನಂಬರ್ ಏರಿದ್ರ ಶ್ಯಾಣ್ಯಾ ಆಗೂದಿಲ್ಲ. ಜಿಎಲ್-5 ಇರೋದು ಚಕ್ರಕ್ಕ ತಿರುಗು ಹಂಚೋ ಡಿಫರೆನ್ಷಿಯಲ್‌ನಂಥಾ ಭಾರೀ ಒತ್ತಡದ ಗೇರಿಗೆ. ಅದಕ್ಕ ಗಂಧಕ ರಂಜಕದ ಮಸಾಲಿ ಜಾಸ್ತಿ ಹಾಕಿರ್ತಾರ, ಅದು ಹಿತ್ತಾಳಿ ಸಿಂಕ್ರೋ ರಿಂಗ್ ತಿನ್ನಬಹುದು. ಮ್ಯಾಲ ಸಿಂಕ್ರೋಕ್ಕ ಬೇಕಾದ್ದು ಹಿಡಿತ, ಭಾಳ ಜಾರಿದ್ರ ಹಿಡೀಯೂದ ಇಲ್ಲ. ಗಾಡಿ ಮ್ಯಾನ್ಯುಯಲ್‌ನ್ಯಾಗ ಏನ್ ಬರದದ ಅದನ್ನ ಹಾಕಸಬೇಕು, ಮುಗೀತು.

ಹ್ಯಾಂಡ್‌ಗೇರ್_ಕಾಲದವ:
ನಲವತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿದೀನಿ, ಟ್ಯಾಕ್ಸಿಗೆ ಅಂಬಾಸಿಡರ್ ಓಡಿಸ್ತಿದ್ದೆ, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ ಇದ್ದದ್ದು, ಆಮೇಲೆ ಲಾರಿ. ರಿಪೇರಿ ವಿಷ್ಯ ಮೇಲೆ ಹೇಳಿದ್ದು ಸರಿಯಾಗೇ ಇದೆ, ನಾನು ಘಾಟಿ ವಿಷ್ಯ ಹೇಳ್ತೀನಿ. ಮಗಾ, ಗಾಡಿ ಉರುಳ್ತಾ ಇರುವಾಗ ಸೆಕೆಂಡಿಂದ ಫಸ್ಟಿಗೆ ಹಾಕೋದು ಒಳ್ಳೇ ಗಾಡಿಯಲ್ಲೂ ಸ್ವಲ್ಪ ಕಷ್ಟವೇ. ಸಿಂಕ್ರೋ ಅಂದ್ರೆ ಬಳೆ ಥರದ ಒಂದು ಹಿತ್ತಾಳೆ ರಿಂಗು, ಅದು ಗೇರಿನ ಮೈಗೆ ಉಜ್ಜಿ ಎರಡರ ವೇಗನೂ ಸಮ ಮಾಡುತ್ತೆ, ಸಮ ಆದ್ಮೇಲೇ ಹಲ್ಲು ಕೂರೋಕೆ ದಾರಿ ಬಿಡೋದು. ಫಸ್ಟಿಗೂ ಸೆಕೆಂಡಿಗೂ ವೇಗದ ಅಂತರ ಬಹಳ, ಅದಕ್ಕೇ ಟೈಮ್ ಬೇಕು. ನೀನು ಗಾಬರಿಯಲ್ಲಿ ಕುತ್ತಿದ್ರೆ ಆ ರಿಂಗೇ ಸವೆಯೋದು.

ಸಿಂಕ್ರೋ ಇಲ್ಲದ ಲಾರೀಲಿ ನಾವು ಮಾಡ್ತಿದ್ದದ್ದು ಡಬಲ್ ಕ್ಲಚ್. ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಗೋ, ಕ್ಲಚ್ ಬಿಡು, ಒಂದು ಸಣ್ಣ ರೇಸ್ ಕೊಡು, ಮತ್ತೆ ಕ್ಲಚ್ ತುಳಿದು ಫಸ್ಟಿಗೆ ಹಾಕು. ಬರೆಯೋಕೆ ಉದ್ದ, ಅಭ್ಯಾಸ ಆದ್ರೆ ಕಣ್ಣು ಮಿಟುಕಿಸೋಷ್ಟ್ರಲ್ಲಿ ಆಗುತ್ತೆ. ಖಾಲಿ ರೋಡಲ್ಲಿ ಕಲಿ, ಘಾಟಿಯಲ್ಲಿ ಕಲಿಯೋಕೆ ಹೋಗ್ಬೇಡ. ತಿರುವಿನ ಮಧ್ಯ ಗೇರಿಗೆ ಕೈ ಹಾಕ್ಲೇಬೇಡ, ತಿರುವು ಕಾಣ್ತಿದ್ದಂಗೇ ಗಾಡಿ ನಡಿಗೆ ವೇಗಕ್ಕೆ ಇಳಿಸಿ ಗೇರ್ ಹಾಕ್ಕೊಂಡು ಆಮೇಲೆ ತಿರುಗ್ಸು.

ಆಮೇಲೆ ಗೇರ್ ಗುಂಡಿನ ಮೇಲೆ ಕೈ ಇಟ್ಕೊಂಡು ಓಡ್ಸೋ ಚಟ ಇದ್ರೆ ಬಿಡು, ಆ ಭಾರ ಒಳಗೆ ಗೇರ್ ಸರಿಸೋ ಫೋರ್ಕಿಗೆ ಬೀಳುತ್ತೆ.

ಮಲ್ನಾಡ್_ಮಳೆ:
ಎಲ್ರಿಗೂ ಥ್ಯಾಂಕ್ಸ್, ಇವತ್ತು ಬೆಳಿಗ್ಗೆ ಎಲ್ಲಾ ಮಾಡಿ ನೋಡ್ದೆ. ಎಂಜಿನ್ ಆಫ್ ಇದ್ರೆ ಐದೂ ಗೇರು ರಿವರ್ಸು ಒಂದು ಬೆರಳಲ್ಲಿ ಬೀಳುತ್ತೆ. ಸ್ಟಾರ್ಟ್ ಮಾಡಿದ್ರೆ ಕಲ್ಲು. ನಾಲ್ಕು ಎಣಿಸಿದ್ರೂ ರಿವರ್ಸ್ ಕರ್ ಅಂತು, ಹತ್ತು ಎಣಿಸಿದ್ರೂ ಅಂತು. ಮ್ಯಾಟ್ ವಿಷ್ಯ ಹೇಳೋಕೆ ನಾಚಿಕೆ, ಕಂಪನಿ ಕಾರ್ಪೆಟ್ಟು, ಅದ್ರ ಮೇಲೆ ಹುಲ್ಲಿನ ಥರದ್ದು, ಅದ್ರ ಮೇಲೆ ಮಳೆಗಾಲಕ್ಕೆ ಅಂತ ರಬ್ಬರ್ದು, ಒಟ್ಟು ಮೂರು!! ತೆಗೆದ್ಮೇಲೆ ಸ್ವಲ್ಪ ವಾಸಿ ಅನ್ನಿಸ್ತು, ಪೂರ್ತಿ ಸರಿ ಆಗ್ಲಿಲ್ಲ. ಆದ್ರೆ ಮೂರು ಸಲ ಪೆಡಲ್ ತುಳಿದು ಹಾಕಿದ್ರೆ ಫಸ್ಟ್ ಗಪ್ ಅಂತ ಬಿತ್ತು. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿದ್ರೆ ಕಾಫಿ ಡಿಕಾಕ್ಷನ್ ಇದ್ದಂಗಿದೆ. ಅದ್ರಿಂದಲೇ ಒಂದು ಸಣ್ಣ ಪೈಪು ಕ್ಲಚ್ ಕಡೆ ಹೋಗ್ತಿದೆ.

ಹಳೇ_ಸ್ಪ್ಯಾನರ್ (ಹುಬ್ಬಳ್ಳಿ):
ಸಿಕ್ತು ಬಿಡು. ಗೇರ್‌ಬಾಕ್ಸ್ ಮುಟ್ಟೂದು ಬ್ಯಾಡ. ಆ ಪೈಪ್ ಹಿಡಕೊಂಡು ಹೋದ್ರ ಗೇರ್‌ಬಾಕ್ಸ್ ಮ್ಯಾಲ ಹೆಬ್ಬೆರಳು ಗಾತ್ರದ ಸ್ಲೇವ್ ಸಿಲಿಂಡರ್ (ಎಣ್ಣಿ ಒತ್ತಡದಿಂದ ಕ್ಲಚ್ ಬಿಡಸೋದು) ಸಿಗ್ತದ, ಅದರ ತುದಿಗೆ ರಬ್ಬರ್ ಟೊಪ್ಪಿಗಿ ಇರ್ತದ. ಟೊಪ್ಪಿಗಿ ಅಂಚು ಮೆಲ್ಲಕ ಎತ್ತಿ ನೋಡು, ಒಳಗ ಹಸಿ ಇದ್ರ ಸೀಲ್ ಹೋಗೇದ. ಅಲ್ಲಿ ಒಣ ಇದ್ರ ಪೆಡಲ್ ಮ್ಯಾಲಿನ ಕಡೆ ಕೈ ಹಾಕಿ ಸವರಿ ನೋಡು, ಪೆಡಲ್ ತುಳದಾಗ ಎಣ್ಣಿ ಒತ್ತೋ ಮಾಸ್ಟರ್ ಸಿಲಿಂಡರ್ ಅಲ್ಲಿ ಸೋರ್ತದ. ಕೆಲವು ಗಾಡಿಗೆ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗ ಬೇರಿಂಗ್ ಜೋಡಿನ ಇರ್ತದ, ಹಂಗಿದ್ರ ಮಾತ್ರ ಇಳಸಬೇಕು.

ಬದಲ್ ಮಾಡಿದ ಮ್ಯಾಲ ಗಾಳಿ ತಗೀಲಿಕ್ಕೆ ಇಬ್ಬರು ಬೇಕು. ಒಬ್ಬ ಒಳಗ ಕೂತು ಪೆಡಲ್ ತುಳದು ಹಿಡೀಬೇಕು, ಇನ್ನೊಬ್ಬ ಸಿಲಿಂಡರಿನ ಗಾಳಿ ಬಿಡೋ ನಿಪ್ಪಲ್ ಸಡಲ ಮಾಡಿ ಗುಳ್ಳಿ ಬಿಟ್ಟು ಬಿಗಿ ಮಾಡಬೇಕು, ಆಮೇಲೆ ಪೆಡಲ್ ಬಿಡಬೇಕು, ಗುಳ್ಳಿ ಬರೂದು ನಿಲ್ಲೂತನಾ ಇದ ಆಟ. ಡಬ್ಬಿ ಖಾಲಿ ಆಗಗೊಡಬಾರ್ದು, ಬ್ರೇಕಿಗೂ ಅದ ಡಬ್ಬಿ, ನೆನಪಿರ್ಲಿ. ಡಬ್ಬಿ ಮುಚ್ಚಳದ ಮ್ಯಾಲ ಡಾಟ್ 3 ಅಥವಾ ಡಾಟ್ 4 ಅಂತ ಬರದಿರ್ತದ, ಅದನ್ನ ತಗೋ, ಸೀಲ್ ಒಡೀದ ಬಾಟ್ಲಿ ತಗೋ, ಬಿಚ್ಚಿ ಇಟ್ಟದ್ದು ಗಾಳ್ಯಾಗಿನ ತೇವ ಹೀರಕೋತದ. ಪೇಂಟ್ ಮ್ಯಾಲ ಚೆಲ್ಲಿದ್ರ ಕೂಡ್ಲೆ ನೀರಿಲೆ ತೊಳಿ. ಡಿಕಾಕ್ಷನ್ ಅಂದಿ ಅಂದಮ್ಯಾಲ ಬ್ರೇಕಿಂದೂ ಅವತ್ತೇ ಬದಲಸು, ಅದೂ ಅಷ್ಟ ಹಳೀದು.

ಮಲ್ನಾಡ್_ಮಳೆ:
ಅಪ್‌ಡೇಟ್. ಟೊಪ್ಪಿಗೆ ಎತ್ತಿದ್ರೆ ಕಪ್ಪು ಎಣ್ಣೆ ಬೆರಳಿಗೆ ಮೆತ್ಕೊಂಡ್ತು. ಪರಿಚಯದ ಒಬ್ರು ಮೆಕ್ಯಾನಿಕ್ಕನ್ನ ಮನೆಗೇ ಕರ್ಸಿ ಸ್ಲೇವ್ ಸಿಲಿಂಡರ್ ಹಾಕ್ಸಿ ಕ್ಲಚ್ಚು ಬ್ರೇಕು ಎರಡರ ಫ್ಲೂಯಿಡ್ಡೂ ಬದಲಾಯಿಸ್ದೆ, ಕೂಲಿ ಸೇರಿ 2,300 ಆಯ್ತು. ಪೆಡಲ್ ತುಳಿಯೋ ಕೆಲ್ಸ ಹೆಂಡ್ತಿದು, "ತುಳಿ, ಹಿಡ್ಕೋ, ಬಿಡು" ಅಂತ ಇಪ್ಪತ್ತು ಸಲ ಹೇಳಿಸ್ಕೊಂಡು ಕೊನೆಗೆ ಅವ್ಳೇ ನನ್ನ ಎಬ್ಬಿಸಿ ಗಾಡಿ ಒಂದು ರೌಂಡ್ ಓಡ್ಸಿ ಬಂದು ಸರಿ ಆಗಿದೆ ಅಂತ ತೀರ್ಪು ಕೊಟ್ಳು. ರಿವರ್ಸ್ ಸದ್ದೇ ಇಲ್ಲ. ಫಸ್ಟ್ ಒಂದೇ ಸಲಕ್ಕೆ.

ಒಂದು ಮಾತ್ರ ಉಳಿದಿದೆ, ಬೆಳಿಗ್ಗೆ ಚಳಿಗೆ ಮೊದಲ ಎರಡು ಮೂರು ಕಿಮೀ ಸೆಕೆಂಡ್ ಸ್ವಲ್ಪ ಒರಟು, ಬಿಸಿ ಆದ್ಮೇಲೆ ಸರಿ.

ಹ್ಯಾಂಡ್‌ಗೇರ್_ಕಾಲದವ:
ಅದು ತಣ್ಣಗಿರೋ ಆಯಿಲ್ ಗಟ್ಟಿ ಇರೋದಕ್ಕೆ, ಸಿಂಕ್ರೋನೂ ಒಂಚೂರು ಸವೆದಿರುತ್ತೆ. ಮೊದಲ ಎರಡು ಕಿಮೀ ನಿಧಾನಕ್ಕೆ ಹಾಕು, ಅಷ್ಟಕ್ಕೆ ಬಾಕ್ಸ್ ಬಿಚ್ಚಿಸ್ಬೇಡ. ಗೇರ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು?

ಮಲ್ನಾಡ್_ಮಳೆ:
ನಾನಂತೂ ಬದಲಾಯಿಸೇ ಇಲ್ಲ. ಹಿಂದಿನ ಓನರ್ ವಿಷ್ಯ ದೇವ್ರಿಗೇ ಗೊತ್ತು. ಮ್ಯಾನ್ಯುಯಲ್ಲಲ್ಲಿ ಜಿಎಲ್-4 ಅಂತಿದೆ, ತಂದಿಟ್ಟಿದೀನಿ, ನಾನೇ ಮಾಡೋಣ ಅಂತ.

ಹಳೇ_ಸ್ಪ್ಯಾನರ್ (ಹುಬ್ಬಳ್ಳಿ):
ಮಾಡು, ಆದ್ರ ಮೊದಲ ಬಾಜೂಕ ಇರೋ ಫಿಲ್ಲರ್ ಬೋಲ್ಟ್ ಬಿಚ್ಚು, ಅದು ಬಿಚ್ಚಿದ ಮ್ಯಾಲನ ಕೆಳಗಿನ ಡ್ರೇನ್ ಬೋಲ್ಟಿಗೆ ಕೈ ಹಚ್ಚು. ಆಯಿಲ್ ಎಲ್ಲಾ ಕೆಳಗ ಬಿಟ್ಟು ಆಮೇಲೆ ಫಿಲ್ಲರ್ ಬರಲಿಲ್ಲ ಅಂದ್ರ ಗಾಡಿ ಅಲ್ಲೇ ಅಡ್ಡ. ಡ್ರೇನ್ ಬೋಲ್ಟಿಗೆ ಮ್ಯಾಗ್ನೆಟ್ ಇದ್ರ ಅದಕ್ಕ ಹತ್ತಿದ ಮಣ್ಣ ಬೆರಳಾಗ ಉಜ್ಜಿ ನೋಡು, ಬೂದಿ ಹಂಗ ನುಣ್ಣಗ ಇದ್ರ ಚಿಂತಿ ಇಲ್ಲ, ಚೂರು ಚೂರು ಸಿಕ್ರ ಫೋಟೋ ಹಾಕು. ತುಂಬೂವಾಗ ಗಾಡಿ ಸಪಾಟ ಇರಲಿ, ಫಿಲ್ಲರ್ ತೂತಿನಿಂದ ಆಯಿಲ್ ವಾಪಸ್ ತೊಟ್ಟಿಕ್ಕಾಕ ಹತ್ತಿದ್ರ ಲೆವಲ್ ಸರಿ ಆತು.

ಮಲ್ನಾಡ್_ಮಳೆ:
ಅಣ್ಣಾ, ಫಿಲ್ಲರ್ ಬೋಲ್ಟ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ 😭 ಪುಣ್ಯಕ್ಕೆ ಡ್ರೇನ್ ಮುಟ್ಟಿಲ್ಲ. ತುಕ್ಕಿನ ಸ್ಪ್ರೇ ಹೊಡ್ದು ಬಿಟ್ಟಿದೀನಿ, ನಾಳೆ ಉದ್ದದ ಪಾನ ಯಾರ ಹತ್ರ ಸಿಗುತ್ತೆ ನೋಡ್ತೀನಿ.