ಶಿವರಾತ್ರಿಯಿಂದ ಯುಗಾದಿಯೊಳಗೆ ಹಿತ್ತಲಿಗೆ ಯಾವ ತರಕಾರಿ ಹಾಕಬಹುದು?

ಪ್ರಶ್ನೆ (ಚಿಕ್ಕಬಳ್ಳಾಪುರ)

ನಮಸ್ಕಾರ. ನಮ್ಮ ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗವಿದೆ. ಗರಸು ಬೆರೆತ ಕೆಂಪು ಮಣ್ಣು; ದಿನವಿಡೀ ಬಿಸಿಲು. ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ಟೊಮೆಟೊ ಸಸಿಗಳನ್ನು ನೆಟ್ಟು, ಪಕ್ಕದಲ್ಲಿ ಒಂದು ಸಾಲು ಹುರುಳಿಕಾಯಿ ಊರಿದ್ದೆ. ಮೂರೇ ವಾರಗಳಲ್ಲಿ ಟೊಮೆಟೊದ ತುದಿ ಎಲೆಗಳು ದೋಣಿಯಂತೆ ಮೇಲಕ್ಕೆ ಮುದುಡಿ, ಗಿಡಗಳ ಬೆಳವಣಿಗೆ ಅಲ್ಲಿಗೇ ನಿಂತಿತು. ಹುರುಳಿಕಾಯಿ ಹೂಬಿಟ್ಟಿತಾದರೂ ಹೂವೆಲ್ಲ ಬುಡದಲ್ಲಿ ಉದುರಿತು. ಕೊಳವೆಬಾವಿಯ ನೀರು ಗಡಸಾಗಿದ್ದು, ಮಡಿಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಈ ಸಲ ಶಿವರಾತ್ರಿಗೇ ಆರಂಭಿಸಬೇಕೋ, ಯುಗಾದಿಯವರೆಗೆ ಕಾಯಬೇಕೋ? ಅವರೆಯನ್ನೂ ಹಾಕಬೇಕೆಂಬುದು ನನ್ನ ತಾಯಿಯವರ ಆಸೆ.

ಉತ್ತರ (ಶ್ರೀನಿವಾಸಪುರ)

ನೀವು ವಿವರಿಸಿರುವುದು ಎಲೆ ಮುಟುರು ರೋಗದಂತೆ ಕಾಣುತ್ತದೆ. ಬಿಳಿನೊಣ ಹರಡುವ ಈ ನಂಜು ಕೋಲಾರದ ಕಡೆ ಬೇಸಿಗೆಯ ಟೊಮೆಟೊವನ್ನು ಬಹಳ ಕಾಡುತ್ತದೆ. ಒಮ್ಮೆ ತಗುಲಿದ ಗಿಡವನ್ನು ಯಾವ ಔಷಧಿಯೂ ಉಳಿಸುವುದಿಲ್ಲವಾದ್ದರಿಂದ ಅದನ್ನು ಬೇರುಸಹಿತ ಕಿತ್ತುಹಾಕುವುದೇ ದಾರಿ. ಟೊಮೆಟೊ ಬೇಕೇ ಬೇಕೆಂದಾದರೆ ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿಯನ್ನು ಹಾಕಿ. ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರನ್ನೂ ತಾಳಿಕೊಳ್ಳುವ ಮಿಶ್ರತಳಿ ಅದು. ಆದರೂ ಇಷ್ಟು ಚಿಕ್ಕ ಜಾಗದಲ್ಲಿ ಟೊಮೆಟೊವನ್ನು ಮುಂಗಾರು ಕಳೆಯುವವರೆಗೆ ಬಿಟ್ಟುಬಿಡುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಹುರುಳಿಕಾಯಿಗೆ ತಂಪು ಬೇಕು. ಬಿಸಿಲು 35 ಡಿಗ್ರಿ ಮುಟ್ಟಿದ ಮೇಲೆ ಹೂವು ನಿಲ್ಲುವುದಿಲ್ಲ. ಅದರ ಬದಲು ಗೋರಿಕಾಯಿ ಹಾಕಿದರೆ ಅದೇ ಬಿಸಿಲಿನಲ್ಲಿ ಗೊಂಚಲುಗಟ್ಟಲೆ ಕಾಯಿ ಕೊಡುತ್ತದೆ. ಬೆಂಡೆಯ ಬೀಜವನ್ನು ರಾತ್ರಿ ನೆನೆಸಿಟ್ಟು ಶಿವರಾತ್ರಿಯ ಆಸುಪಾಸಿನಲ್ಲಿ ಊರಿದರೆ, ಯುಗಾದಿ ಕಳೆದು ಎರಡು ವಾರವಾಗುವಷ್ಟರಲ್ಲಿ ಮೊದಲ ಕಾಯಿ ಸಿಗುತ್ತದೆ. ಆದ್ದರಿಂದ ಯುಗಾದಿಯವರೆಗೆ ಕಾಯಬೇಡಿ. ದಂಟಿನ ಸೊಪ್ಪು ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೊಂದು ಮಡಿ ಚೆಲ್ಲುತ್ತಾ ಹೋಗಿ.

ಉತ್ತರ (ತಿಪಟೂರು)

ಮೇಲಿನವರ ಮಾತಿಗೆ ನೀರಿನ ವಿಷಯವನ್ನು ಸೇರಿಸಬಯಸುತ್ತೇನೆ. ನೀರು ಆವಿಯಾದಾಗ ಅದರಲ್ಲಿ ಕರಗಿದ್ದ ಸುಣ್ಣ ಮತ್ತು ಲವಣಗಳು ಮೇಲ್ಮಣ್ಣಿನಲ್ಲೇ ಉಳಿಯುವುದರಿಂದ ಆ ಪೊರೆ ಕಟ್ಟುತ್ತದೆ. ದಿನವೂ ಮೇಲಿಂದ ಮೇಲೆ ಚಿಮುಕಿಸಿದಷ್ಟೂ ಅದು ಹೆಚ್ಚುತ್ತದೆ. ಎರಡು ದಿನಕ್ಕೊಮ್ಮೆಯಾದರೂ ಸರಿ, ಸಂಜೆಯ ಹೊತ್ತು ಬೇರಿನ ಆಳಕ್ಕೆ ಇಳಿಯುವಂತೆ ಕೊಡಿ. ನೀರು ಕೊಟ್ಟ ಮರುದಿನ ಬೆರಳನ್ನು ಎರಡು ಗೆಣ್ಣಿನಷ್ಟು ಚುಚ್ಚಿ ನೋಡಿದರೆ ಮಣ್ಣು ತಣ್ಣಗೆ, ಬೆರಳಿಗೆ ಅಂಟುವಂತಿರಬೇಕು. ಮಡಿಯ ಮೇಲೆ ರಾಗಿಹುಲ್ಲನ್ನೋ ಒಣಗಿದ ಹೊಂಗೆ ಎಲೆಯನ್ನೋ ಮೂರು ಅಂಗುಲ ದಪ್ಪ ಹೊದಿಸಿ. ನಮ್ಮ ಹಿತ್ತಲಿನಲ್ಲಿ ಬೇರಾವ ಉಪಾಯಕ್ಕಿಂತ ಈ ಹೊದಿಕೆಯೇ ಹೆಚ್ಚು ಫಲ ಕೊಟ್ಟಿದೆ. ಹಸಿ ಸಗಣಿಯನ್ನು ಮಾತ್ರ ಬುಡಕ್ಕೆ ಹಾಕಬೇಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಆಗಬೇಕು.

ಇನ್ನು ತಾಯಿಯವರ ಅವರೆ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗಲೇ ಹೂಬಿಡುವುದು. ಈಗ ಊರಿದರೆ ಬಳ್ಳಿ ಸೊಂಪಾಗಿ ಹಬ್ಬುತ್ತದೆಯೇ ಹೊರತು ಕಾಯಿ ಸಿಗುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿಗೆ ಈ ಕಟ್ಟುಪಾಡಿಲ್ಲ. ಆದರೆ ಚಳಿಗಾಲದ ಇಬ್ಬನಿ ಬಿದ್ದ ಅವರೆಯ ಸೊಗಡು ಅದರಲ್ಲಿ ಸಿಗುವುದಿಲ್ಲವೆಂದು ಅಮ್ಮನವರಿಗೆ ಮೊದಲೇ ತಿಳಿಸಿಬಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹುರುಳಿಕಾಯಿ ಉದುರಿದ್ದು ನಾನು ಗೊಬ್ಬರ ಕಡಿಮೆ ಹಾಕಿದ್ದರಿಂದಲೇ ಎಂದು ಇಡೀ ವರ್ಷ ಕೊರಗಿದ್ದೆ. ನಾಟಿ ಅವರೆಯನ್ನು ಮಳೆಗಾಲಕ್ಕೆ ಬಿಡಲು ಅಮ್ಮ ಒಪ್ಪಿದ್ದಾರೆ. ಹೀರೆಗೆ ಚಪ್ಪರ ಹಾಕುವುದಾದರೆ ಯಾವ ದಿಕ್ಕಿಗೆ ಹಾಕಲಿ?

ಉತ್ತರ (ಶ್ರೀನಿವಾಸಪುರ)

ಪಶ್ಚಿಮದ ಅಂಚಿಗೆ ಹಾಕಿ. ಬಳ್ಳಿ ಹಬ್ಬಿದ ಮೇಲೆ ಮಧ್ಯಾಹ್ನ ಮೂರರ ನಂತರದ ಉರಿಬಿಸಿಲನ್ನು ಅದೇ ತಡೆಯುತ್ತದೆ. ಸೊಪ್ಪಿನ ಮಡಿಗಳನ್ನು ಆ ನೆರಳು ಬೀಳುವಲ್ಲಿ ಮಾಡಿಕೊಳ್ಳಿ. ಹೀರೆಯ ಹೂವು ಅರಳುವುದು ಸಂಜೆಗೆ. ಪೀಚು ಕಟ್ಟದೆ ಉದುರುತ್ತಿದ್ದರೆ, ಆ ಹೊತ್ತಿನಲ್ಲಿ ಒಂದು ಗಂಡು ಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಕಾಯಿಯಿರುವ ಹೆಣ್ಣು ಹೂವಿಗೆ ಮೆಲ್ಲನೆ ಸವರಿ.